ನೆಲ್ಲಿಕಾಯಿಯಷ್ಟು ದೊಡ್ಡ ಪಾಚಿ, ಅದು ಒಂದೇ ಜೀವಕೋಶವಂತೆ. ಹೌದಾ?

ಕಡಲಕರೆ, ಹೊಸದುರ್ಗ

ಎಲ್ಲರಿಗೂ ನಮಸ್ಕಾರ. ಒಂದು ಸಂಗತಿ ಕೇಳಬೇಕಿತ್ತು, ನಗಬೇಡಿ.

ಮನೆಯಲ್ಲಿ ಉಪ್ಪುನೀರಿನ ಸಣ್ಣ ಅಕ್ವೇರಿಯಂ ಉಂಟು. ಓಣಂ ರಜೆಗೆ ಸ್ವಲ್ಪ ಮೊದಲು ಒಂದು ಅಂಗಡಿಯಿಂದ ಕಲ್ಲು ತಂದು ಅದರಲ್ಲಿ ಇಟ್ಟಿದ್ದೆ. ಸ್ವಲ್ಪ ದಿನ ಕಳೆದ ಮೇಲೆ ಕಲ್ಲಿನ ಸಂದಿಯಲ್ಲಿ ಹಸಿರು ಗೋಲಿಯಂಥದ್ದು ಒಂದು ಕಾಣಿಸಿತು. ಮೊದಲಿಗೆ ಕಡಲೆಕಾಳಿನಷ್ಟು, ಆಮೇಲಾಮೇಲೆ ನೆಲ್ಲಿಕಾಯಿಯಷ್ಟು. ಟಾರ್ಚ್ ಬಿಟ್ಟರೆ ಮೈಮೇಲೆ ಬೆಳ್ಳಿಯ ಮಿಂಚು. ಮಗಳು ಅದಕ್ಕೆ ಹೆಸರೂ ಇಟ್ಟಿದ್ದಳು. ನನಗೆ ಕುತೂಹಲ ತಡೆಯದೆ ಒಂದು ಭಾನುವಾರ ಹೊಲಿಗೆ ಸೂಜಿಯಿಂದ ಚುಚ್ಚಿದೆ. ಪಟ್ಟನೆ ಒಡೆಯಿತು. ಒಳಗೆ ತಿರುಳಿಲ್ಲ, ಬೀಜವಿಲ್ಲ, ಬರೀ ನೀರು. ಉಳಿದದ್ದು ಹಿಂಡಿದ ದ್ರಾಕ್ಷಿಯ ಸಿಪ್ಪೆಯ ಹಾಗೆ ಒಂದು ತೊಗಟೆ. ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆರು ವಾರ ಆಯಿತು. ಇವತ್ತು ಎಣಿಸಿದೆ: 17 ಗೋಲಿಗಳು!

ಅಂಗಡಿಯವನಿಗೆ ಫೋನ್ ಮಾಡಿದರೆ, "ಅದು ಒಂದೇ ಸೆಲ್ಲಿನ ಪಾಚಿ, ಒಡೆದರೆ ಹೆಚ್ಚಾಗ್ತದೆ, ಹೇಳಿದ್ದೆನಲ್ಲ" ಅಂತ ಅವನ ವಾದ. ಹೇಳಿರಲಿಲ್ಲ. ಅದು ಹೋಗಲಿ. ಒಂದೇ ಸೆಲ್ ಅಂದರೆ ಎಂತದು? ಎಂಟನೇ ಕ್ಲಾಸಿನಲ್ಲಿ ಈರುಳ್ಳಿ ಸಿಪ್ಪೆ ಇಟ್ಟು ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದು ಮತ್ತೆಂತಕ್ಕೆ?

ಅಡ್ಕದ ಭಾವ, ಬದಿಯಡ್ಕ

ಹೆಸರಿಟ್ಟ ಮೇಲೆ ಚುಚ್ಚಬಾರದಿತ್ತು ಮಾರಾಯ್ರೆ.

ಹಳೆ ಲ್ಯಾಬು, ಕಾಸರಗೋಡು

ಅಂಗಡಿಯವ ಹೇಳಿದ್ದು ಸರಿ, ಹೇಳಿದ ಹೊತ್ತು ಮಾತ್ರ ತಪ್ಪು.

ನೀವು ವರ್ಣಿಸಿದ್ದು ವಲೋನಿಯಾ ವೆಂಟ್ರಿಕೋಸಾ ಇರಬೇಕು. ಬೆಚ್ಚಗಿನ ಸಮುದ್ರದ ಹವಳದ ಕಲ್ಲುಗಳಲ್ಲಿ ಬೆಳೆಯುವ ಹಸಿರು ಪಾಚಿ. ನಾವಿಕನ ಕಣ್ಣುಗುಡ್ಡೆ ಅಂತಲೂ ಅದಕ್ಕೆ ಹೆಸರುಂಟು. ಸಾಮಾನ್ಯವಾಗಿ 1ರಿಂದ 4 ಸೆಂ.ಮೀ. ಗಾತ್ರ. ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವ, ಈ ಗೋಲಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೂ ನಿಮ್ಮಷ್ಟೇ ಅನುಮಾನ ಬಂದಿತ್ತು.

ನಿಮ್ಮ ಸೂಜಿ ತೋರಿಸಿಕೊಟ್ಟದ್ದನ್ನೇ ನೋಡಿ. ಒಳಗೆ ಬರೀ ನೀರು ಅಂದಿರಲ್ಲ, ಅದು ರಸದಾನಿ, ಕೋಶದೊಳಗಿನ ನೀರಿನ ಚೀಲ. ಗೋಲಿಯ ಗಾತ್ರದ ಬಹುಪಾಲು ಅದೇ. ಜೀವ ಇರುವ ಕೋಶದ್ರವ್ಯ ಗೋಡೆಗೆ ಅಂಟಿಕೊಂಡ ಕೆಲವೇ ಮೈಕ್ರಾನ್ (ಮಿ.ಮೀ.ಯ ಸಾವಿರದ ಒಂದು ಪಾಲು) ದಪ್ಪದ ಲೇಪ, ಮಣ್ಣಿನ ಗೋಡೆಗೆ ಸೆಗಣಿ ಸಾರಿಸಿದ ಹಾಗೆ. ಕೋಶವನ್ನು ನಡೆಸುವ ಕೋಶಕೇಂದ್ರಗಳು (ನ್ಯೂಕ್ಲಿಯಸ್), ಹಸಿರು ಕಣಗಳು ಎಲ್ಲ ಆ ಲೇಪದಲ್ಲೇ. ಕೋಶಕೇಂದ್ರ ಒಂದಲ್ಲ, ಸಾವಿರಾರು. ಆದರೆ ಅವುಗಳ ಮಧ್ಯೆ ಗೋಡೆ ಇಲ್ಲ, ಅದಕ್ಕೇ ಒಂದೇ ಕೋಶ ಅನ್ನುವುದು.

ಇನ್ನು ಹದಿನೇಳರ ಕತೆ. ಗೋಲಿಗೆ ಗಾಯವಾದರೆ ಆ ಲೇಪ ಅಲ್ಲಲ್ಲಿ ಕುಗ್ಗಿ ಸಣ್ಣ ಸಣ್ಣ ಉಂಡೆ ಕಟ್ಟುತ್ತದೆ. ಕೋಶಕೇಂದ್ರವೂ ಹಸಿರೂ ಸಿಕ್ಕಿದ ಉಂಡೆ ತನ್ನದೇ ಗೋಡೆ ಹಾಕಿಕೊಂಡು ಹೊಸ ಗೋಲಿ ಆಗುತ್ತದೆ. ನೀವು ಕೊಂದದ್ದಲ್ಲ, ಬಿತ್ತಿದ್ದು.

ತೆಗೆಯಬೇಕಾದರೆ ಒಡೆಯದೆ ಬುಡದಲ್ಲಿ ಹಿಡಿದು ಮೆಲ್ಲ ತಿರುಗಿಸಿ ಕೀಳಿ. ಟ್ಯಾಂಕಿನ ಒಳಗೆ ಬೇಡ, ಕಲ್ಲನ್ನು ಬಕೆಟ್ಟಿಗೆ ತೆಗೆದಿಟ್ಟು ಮಾಡಿ.

ನೀರಿನಕ್ಕ, ಮಂಜೇಶ್ವರ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಆ ಕಲ್ಲು ಎಂಥದ್ದು? ಹವಳದ ಕಲ್ಲಾದರೆ ಮಾರುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು. 2001ರಲ್ಲಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು.

ಕಡಲಕರೆ, ಹೊಸದುರ್ಗ

ಅಯ್ಯೋ. ಗೊತ್ತೇ ಇರಲಿಲ್ಲ ಅಕ್ಕ. ವಿಚಾರಿಸ್ತೇನೆ.

ಲೆಕ್ಕದವ, ಮೊಗ್ರಾಲ್

ಸರ್, ನಾನು ಎಂಜಿನಿಯರ್, ಜೀವಶಾಸ್ತ್ರ ಪಿಯುಸಿಗೇ ನಿಂತಿದೆ. ಎರಡು ತಕರಾರು.

ಒಂದು, ಜೀವಕೋಶ ಸಣ್ಣದಾಗಿರುವುದಕ್ಕೆ ಕಾರಣ ಇದೆಯಲ್ಲ? ಒಳಗೆ ಸಾಮಾನು ಸಾಗುವುದು ವಿಸರಣೆಯಿಂದ, ಅಂದರೆ ಅಣುಗಳು ತಾವಾಗಿ ಹರಡಿಕೊಳ್ಳುವುದರಿಂದ. ದೂರ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು. ಸಣ್ಣ ಅಣು 10 ಮೈಕ್ರಾನ್ ದಾಟಲಿಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಸಾಕು. ಅದೇ ಅಣು 1 ಸೆಂ.ಮೀ. ದಾಟಬೇಕಾದರೆ ಲೆಕ್ಕ ಹಾಕಿದೆ, ಹತ್ತಿರ ಹತ್ತಿರ 14 ಗಂಟೆ. ಬೆಳಿಗ್ಗೆ ಹೊರಟದ್ದು ರಾತ್ರಿ ಮುಟ್ಟುತ್ತದೆ. ಅಷ್ಟರಲ್ಲಿ ಕೋಶ ಸಾಯಬೇಕು.

ಎರಡು, ಸಾವಿರಾರು ಕೋಶಕೇಂದ್ರ ಇದ್ದರೆ ಅದನ್ನು ಸಾವಿರಾರು ಕೋಶ ಅಂತ ಯಾಕೆ ಎಣಿಸಬಾರದು? ಮನೆಯ ಒಳಗಿನ ಗೋಡೆ ಕೆಡವಿದ ಮಾತ್ರಕ್ಕೆ ಹತ್ತು ಸಂಸಾರ ಒಂದಾಗುತ್ತದಾ?

ಹಳೆ ಲ್ಯಾಬು, ಕಾಸರಗೋಡು

ಒಳ್ಳೆ ಲೆಕ್ಕ. ಮೊದಲನೆಯದಕ್ಕೆ ಉತ್ತರ: ಗೋಲಿಯ ನಡುವೆ ಯಾವುದೂ ಸಾಗಬೇಕಾಗಿಲ್ಲ. ಜೀವ ಇರುವುದು ಅಂಚಿನಲ್ಲಿ, ಸಮುದ್ರಕ್ಕೆ ತಾಗಿಕೊಂಡು. ದೊಡ್ಡದಾಗಿ ಕಂಡರೂ ಬದುಕುವುದು ತೆಳ್ಳಗೆ.

ಗೋಲಿಯ ಆಕಾರವಿಲ್ಲದೆ ಉದ್ದಕ್ಕೆ ಬೆಳೆಯುವವಕ್ಕೆ ಮತ್ತೊಂದು ಉಪಾಯ ಉಂಟು: ಕೋಶದ್ರವ್ಯವೇ ಹರಿಯುತ್ತದೆ. ಅದನ್ನು ನೋಡಲಿಕ್ಕೆ ಕಡಲಿಗೆ ಹೋಗಬೇಕಾಗಿಲ್ಲ. ನಮ್ಮ ಕಡೆಯ ಮದಕಗಳಲ್ಲಿ, ಗದ್ದೆಯ ತಿಳಿನೀರಿನಲ್ಲಿ ನೈಟೆಲ್ಲ ಅಂತ ಎಳೆಯೆಳೆಯಾದ ಹಸಿರು ಪಾಚಿ ಸಿಗುತ್ತದೆ. ಅದರ ಒಂದು ಗಿಣ್ಣಿನಿಂದ ಮುಂದಿನ ಗಿಣ್ಣಿನ ವರೆಗೆ ಒಂದೇ ಕೋಶ, ಕೆಲವು ಸೆಂ.ಮೀ. ಉದ್ದ. ಶಾಲೆಯ ಸಾದಾ ಮೈಕ್ರೋಸ್ಕೋಪ್ ಸಾಕು. ಹಸಿರು ಕಣಗಳು ಗೋಡೆಯಲ್ಲಿ ಸಾಲಾಗಿ ಅಲ್ಲಾಡದೆ ನಿಂತಿರುತ್ತವೆ, ಅವುಗಳ ಅಡಿಯಿಂದ ದ್ರವ ಒಂದು ಬದಿಯಲ್ಲಿ ಮೇಲಕ್ಕೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ ಹೋಗುತ್ತಾ ಇರುತ್ತದೆ. ಸುರಂಗದ ನೀರು ದಂಬೆಯಲ್ಲಿ ಬಂದ ಹಾಗೆ ಒಂದೇ ಸಮ. 1774ರಲ್ಲೇ ಇಟಲಿಯ ಕೊರ್ತಿ ಈ ಜಾತಿಯ ಪಾಚಿಯಲ್ಲಿ ಅದನ್ನು ಕಂಡದ್ದು. ವೇಗ ಸೆಕೆಂಡಿಗೆ 100 ಮೈಕ್ರಾನ್ ವರೆಗೂ ಹೋಗುತ್ತದೆ. ನಿಮ್ಮ ಲೆಕ್ಕವನ್ನು ಇನ್ನೊಮ್ಮೆ ಮಾಡಿ.

ಲೆಕ್ಕದವ, ಮೊಗ್ರಾಲ್

1 ಸೆಂ.ಮೀ.ಗೆ 100 ಸೆಕೆಂಡ್. 14 ಗಂಟೆ ಎಲ್ಲಿ, ಎರಡು ನಿಮಿಷಕ್ಕಿಂತ ಕಡಿಮೆ ಎಲ್ಲಿ! ಮೊದಲನೆಯದು ಒಪ್ಪಿದೆ. ಎರಡನೆಯದು ಹಾಗೇ ಉಂಟು.

ಗಾಳದವ, ಪಳ್ಳಿಕ್ಕರೆ

ನಾನು ಬೇಕಲ ಕೋಟೆಯ ಕೆಳಗಿನ ಕಲ್ಲಿನಲ್ಲಿ ಗಾಳ ಹಾಕುವವ. ಅಲ್ಲಿಯ ಪಾಚಿಯಲ್ಲಿ ಜಾರಿ ಸೊಂಟ ಉಳುಕಿಸಿಕೊಂಡದ್ದು ಎರಡು ಸಲ. ಮಲಯಾಳದಲ್ಲಿ ಎಲ್ಲದಕ್ಕೂ ಪಾಯಲ್ ಅಂತೇವೆ. ಅದೂ ಒಂದೇ ಕೋಶವಾ?

ನೀರಿನಕ್ಕ, ಮಂಜೇಶ್ವರ

ಅಣ್ಣ, ನಿಮ್ಮನ್ನು ಬೀಳಿಸಿದ್ದು ಬಹುಶಃ ಉಲ್ವ. ತೆಳು ಹಸಿರು ಹಾಳೆಯಂಥದ್ದು, ಎರಡು ಪದರ ಕೋಶ, ಲಕ್ಷಗಟ್ಟಲೆ ಕೋಶ. ಒಂದೇ ಕೋಶ ಅಲ್ಲ. ಆದರೆ ಅಲೆ ಜೋರಾಗಿ ಬಡಿಯುವ ಕಲ್ಲಿನ ನೆತ್ತಿಯಲ್ಲಿ ಬ್ರಷ್ಷಿನ ಹಾಗೆ ಗಿಡ್ಡಕ್ಕೆ, ಒರಟಾಗಿ ನಿಂತಿರುವ ಹಸಿರು ಕುಚ್ಚು ನೋಡಿದ್ದೀರಲ್ಲ? ಅದು ಕೀಟೊಮಾರ್ಫ. ಒಂದು ಎಳೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ಮಣಿ ಪೋಣಿಸಿದ ಹಾಗೆ ಅಡ್ಡಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದು ಮಣಿಯೂ ಒಂದೊಂದು ಕೋಶ, ಪ್ರತಿಯೊಂದರ ಒಳಗೂ ಹಲವು ಕೋಶಕೇಂದ್ರ.

ಲೆಕ್ಕದವರಿಗೆ ನನ್ನ ಕಡೆಯಿಂದ ಒಂದು. ನಾನು ಎಂ.ಎಸ್ಸಿ. ಪ್ರಾಜೆಕ್ಟಿಗೆ ತಮಿಳುನಾಡಿನ ಮಂಡಪಂ ಕಡೆ ಮೂರು ತಿಂಗಳು ಇದ್ದೆ, ಕೌಲರ್ಪಾ ಅನ್ನುವ ಪಾಚಿಯ ಜೊತೆ. ನೋಡಲಿಕ್ಕೆ ಅಪ್ಪಟ ಗಿಡ. ಮರಳಿನ ಮೇಲೆ ಬಳ್ಳಿಯ ಹಾಗೆ ಹರಿಯುವ ದಂಟು, ಕೆಳಗೆ ಬೇರಿನಂಥದ್ದು, ಮೇಲೆ ಕೆಲವು ಜಾತಿಯಲ್ಲಿ ಜರಿಗಿಡದ ಎಲೆ, ಕೆಲವದರಲ್ಲಿ ದ್ರಾಕ್ಷಿ ಗೊಂಚಲು. ಮೀಟರುಗಟ್ಟಲೆ ಹಬ್ಬಿದರೂ ಒಂದೇ ಕೋಶ. ಸೀಳಿ ನೋಡಿದರೆ ಒಳಗೆ ಅಡ್ಡಗೋಡೆ ಒಂದೂ ಇಲ್ಲ. ಬದಲಿಗೆ ಗೋಡೆಯಿಂದ ಗೋಡೆಗೆ ಸಪೂರ ಕಂಬಗಳು, ಮದುವೆ ಚಪ್ಪರಕ್ಕೆ ಅಡಿಕೆ ಮರದ ಕಂಬ ಕೊಟ್ಟ ಹಾಗೆ. ಕೋಣೆ ಒಂದೇ, ಕಂಬ ನೂರಾರು.

ಮೊದಲ ದಿನ ಬ್ಲೇಡಿನಿಂದ ಕತ್ತರಿಸುವಾಗ ನಾನು ಹೆದರಿದ್ದೆ. ಒಂದೇ ಕೋಶ ಅಂದ ಮೇಲೆ ಒಂದು ತೂತು ಬಿದ್ದರೆ ಪೂರ್ತಿ ಸೋರಿ ಸಾಯಬೇಕಲ್ಲ, ನೀರು ತುಂಬಿದ ಬಲೂನಿನ ಹಾಗೆ. ಕತ್ತರಿಸಿದಲ್ಲಿ ಬೆಳ್ಳಗಿನ ಒಂದು ಹನಿ ಹೊರಗೆ ಬಂತು. ಬಂದದ್ದೇ ಬೆರಳಿಗೆ ಅಂಟುವಷ್ಟು ಗಟ್ಟಿ. ಹಲಸಿನ ಮಯಣ ಹೇಗೋ ಹಾಗೆ, ಆದರೆ ಅದಕ್ಕಿಂತ ಎಷ್ಟೋ ಬೇಗ. ಮುಗಿಯಿತು, ಬಾಯಿ ಬಂದ್. ಒಳಗೆ ಕೌಲರ್ಪೆನೈನ್ ಅನ್ನುವ ರಾಸಾಯನಿಕ ತಯಾರಾಗಿ ಕೂತಿರುತ್ತದೆ. ಗಾಯವಾದ ತಕ್ಷಣ ಒಂದು ಕಿಣ್ವ ಅದನ್ನು ಬದಲಾಯಿಸುತ್ತದೆ, ಬದಲಾದದ್ದು ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದು ಬಿರಡೆ ಮಾಡುತ್ತದೆ. ಮೀನುಗಳಿಗೆ ಅದೇ ರಾಸಾಯನಿಕ ರುಚಿಸುವುದಿಲ್ಲ. ಎರಡೂ ತುಂಡು ಬದುಕುತ್ತವೆ. ಈಗ ನೀವು ಹೇಳಿ, ಒಂದು ಕೋಶವನ್ನು ಬ್ಲೇಡಿನಿಂದ ಎರಡು ಕೋಶ ಮಾಡಿದ್ದು ನಾನೇ ತಾನೆ?

ಲೆಕ್ಕದವ, ಮೊಗ್ರಾಲ್

ಅಕ್ಕ, ನೀವು ನನ್ನ ಪರವಾಗಿಯೇ ಸಾಕ್ಷಿ ಹೇಳಿದ್ದು. ಎಲ್ಲಿ ಕತ್ತರಿಸಿದರೂ ಬದುಕುವುದಾದರೆ ಅದು ಹಲವು ಇದ್ದದ್ದೇ.

ನೀರಿನಕ್ಕ, ಮಂಜೇಶ್ವರ

ಅದು ಒಂದು ಮಟ್ಟಿಗೆ ಹೌದು. ಯೂಲಿಯಸ್ ಸಾಕ್ಸ್ ಅನ್ನುವ ಜರ್ಮನ್ ವಿಜ್ಞಾನಿ 1892ರಲ್ಲಿ ನಿಮ್ಮ ವಾದವನ್ನೇ ಮಾಡಿದ್ದ. ಒಂದು ಕೋಶಕೇಂದ್ರ, ಅದರ ಹಿಡಿತದಲ್ಲಿ ಇರುವಷ್ಟು ದ್ರವ್ಯ, ಇದನ್ನು ಎನರ್ಜಿಡ್ ಅಂತ ಕರೆದ. ಅವನ ಪ್ರಕಾರ ಕೌಲರ್ಪಾ ಅಂದರೆ ಗೋಡೆ ಹಾಕಿಕೊಳ್ಳದ ಎನರ್ಜಿಡ್‌ಗಳ ಗುಂಪು.

ಆದರೆ ಹತ್ತು ಸಂಸಾರ ಅನ್ನುವ ನಿಮ್ಮ ಹೋಲಿಕೆ ನನಗೆ ಸರಿ ಕಾಣುವುದಿಲ್ಲ. ಡೇವಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ನೀಲಿಮಾ ಸಿನ್ಹಾ ಅವರ ತಂಡ 2015ರಲ್ಲಿ ಕೌಲರ್ಪಾದ ಬುಡದಿಂದ ತುದಿಯ ವರೆಗೆ ತುಂಡು ತುಂಡು ಮಾಡಿ, ಕೋಶಕೇಂದ್ರದ ಆದೇಶ ಹೊತ್ತು ಬರುವ ಯಾವ ಆರ್‌ಎನ್‌ಎ ಎಲ್ಲಿದೆ ನೋಡಿತು. ನಡುವೆ ಗೋಡೆಯೇ ಇಲ್ಲವಲ್ಲ, ಎಲ್ಲ ಕಲಸಿಹೋಗಿರಬೇಕು. ಹಾಗಿರಲಿಲ್ಲ. ಬುಡದಲ್ಲಿ ಒಂದು ಬಗೆ, ಎಲೆಯ ತುದಿಯಲ್ಲಿ ಇನ್ನೊಂದು ಬಗೆ. ಗೋಡೆ ಇಲ್ಲದೆಯೂ ಬೇರು ಬೇರಿನ ಕೆಲಸ ಮಾಡುತ್ತದೆ, ಎಲೆ ಎಲೆಯ ಕೆಲಸ. ಅಂದರೆ ಇದು ಸಂಸಾರಗಳ ಗುಂಪಲ್ಲ, ಒಂದೇ ಶರೀರ. ಕೋಶ ಅಂತ ಕರೆಯುವುದೋ ಬಿಡುವುದೋ ನಮ್ಮ ತಾಪತ್ರಯ, ಪಾಚಿಯದ್ದಲ್ಲ.

ಎಂಟನೇ ಕ್ಲಾಸ್ ಟೀಚರ್, ಪೆರ್ಲ

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಕೆಲವು ವರ್ಷಗಳ ಹಿಂದೆ "ಜೀವಕೋಶ ಬರಿಗಣ್ಣಿಗೆ ಕಾಣುವುದಿಲ್ಲ, ಸರಿಯೋ ತಪ್ಪೋ" ಅಂತ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗ ತಪ್ಪು ಅಂತ ಬರೆದ. ಅರ್ಧ ಮಾರ್ಕು ಹೊಡೆದೆ. ಕೋಳಿ ಮೊಟ್ಟೆಯ ಹಳದಿ ಕೋಶವಲ್ಲವಾ ಟೀಚರ್ ಅಂತ ಕೇಳಿದ್ದ, ನಾನು ಕೂತ್ಕೊ ಅಂದಿದ್ದೆ. ನಾನು ಬಿ.ಎಸ್ಸಿ.ಯಲ್ಲಿ ಅಸಿಟಬುಲೇರಿಯಾ ಓದಿ ಪಾಸಾದವಳು! ಪಾಠ ಮಾಡಲಿಕ್ಕೆ ನಿಂತಾಗ ಓದಿದ್ದೆಲ್ಲ ಎಲ್ಲಿಗೆ ಹೋಗುತ್ತದೋ.

ಅಸಿಟಬುಲೇರಿಯಾ ಗೊತ್ತಿಲ್ಲದವರಿಗೆ: ಇದೂ ಕಡಲ ಹಸಿರು ಪಾಚಿ, ಕೆಲವು ಸೆಂ.ಮೀ. ಎತ್ತರ, ಸಪೂರ ಕಡ್ಡಿ, ಮೇಲೆ ಕೊಡೆ. ಇದರಲ್ಲಿ ಲೆಕ್ಕದವರ ತಕರಾರಿಗೆ ಜಾಗವೇ ಇಲ್ಲ, ಯಾಕೆಂದರೆ ಬೆಳೆಯುವ ಕಾಲದಲ್ಲಿ ಕೋಶಕೇಂದ್ರವೂ ಒಂದೇ, ಅದೂ ಬುಡದಲ್ಲಿ ಕಲ್ಲನ್ನು ಹಿಡಿದುಕೊಂಡ ಬೇರಿನಂಥ ಭಾಗದೊಳಗೆ. 1930ರ ದಶಕದಲ್ಲಿ ಬರ್ಲಿನ್ನಿನ ಯೋಆಖಿಮ್ ಹ್ಯಾಮರ್ಲಿಂಗ್ ಇದರ ಮೇಲೆ ಮಾಡಿದ ಪ್ರಯೋಗಕ್ಕೆ ಬೇಕಾದದ್ದು ಕತ್ತರಿ ಮತ್ತು ತಾಳ್ಮೆ. ಎರಡು ಜಾತಿ ತೆಗೆದುಕೊಂಡ. ಒಂದರ ಕೊಡೆ ಇಡಿಯಾಗಿ ಗುಂಡಗೆ, ಇನ್ನೊಂದರದ್ದು ಎಸಳು ಎಸಳಾಗಿ ಬಿಡಿ. ಒಂದರ ಕಡ್ಡಿಯನ್ನು ಇನ್ನೊಂದರ ಬುಡಕ್ಕೆ ಕಸಿ ಕಟ್ಟಿದ. ನಾವು ಮಾವಿಗೆ ಕಟ್ಟುವ ಹಾಗೆಯೇ, ಆದರೆ ಇಲ್ಲಿ ಒಂದೇ ಕೋಶದ ತಲೆಗೆ ಇನ್ನೊಂದು ಕೋಶದ ಕಾಲು. ಮೊದಲು ಬಂದ ಕೊಡೆ ಎರಡರ ನಡುವಿನದ್ದು. ಅದನ್ನು ಕತ್ತರಿಸಿದ ಮೇಲೆ ಬಂದ ಕೊಡೆ ಪೂರಾ ಬುಡದ ಜಾತಿಯದ್ದು.

ಅದಕ್ಕಿಂತ ನನಗೆ ಸೋಜಿಗ ಅನ್ನಿಸುವುದು ಬೇರೆ. ಬುಡವನ್ನೇ ಕತ್ತರಿಸಿ ಬಿಸಾಡಿದರೂ, ಅಂದರೆ ಕೋಶಕೇಂದ್ರವೇ ಇಲ್ಲದೆಯೂ, ಕಡ್ಡಿ ವಾರಗಟ್ಟಲೆ ಬದುಕಿ ಒಂದು ಕೊಡೆ ಬಿಡುತ್ತದೆ. ಒಂದೇ ಸಲ. ಬುಡದಿಂದ ಮೊದಲೇ ಬಂದ ಏನೋ ತುದಿಯಲ್ಲಿ ದಾಸ್ತಾನು ಇರಬೇಕು ಅಂದ ಹ್ಯಾಮರ್ಲಿಂಗ್. ಡಿಎನ್‌ಎಯ ರಚನೆ ಗೊತ್ತಾಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಆ "ಏನೋ" ಎಂಆರ್‌ಎನ್‌ಎ ಅಂತ, ಅಂದರೆ ಆದೇಶ ಹೊರುವ ಆ ಆರ್‌ಎನ್‌ಎ ಅಂತ, ಆಮೇಲೆ ತಿಳಿಯಿತು. 1961ರಲ್ಲಿ ಸ್ವೀನಿ ಮತ್ತು ಹ್ಯಾಕ್ಸೊ ತೋರಿಸಿದ್ದು ಇನ್ನೂ ಮಜಾ. ಕೋಶಕೇಂದ್ರ ತೆಗೆದ ಮೇಲೂ ಅದರ ದ್ಯುತಿಸಂಶ್ಲೇಷಣೆ ಹಗಲು ಏರಿ ರಾತ್ರಿ ಇಳಿಯುವ ಲಯ ತಪ್ಪುವುದಿಲ್ಲ, ದೀಪ ಹಗಲಿರುಳು ಒಂದೇ ಸಮ ಉರಿಸಿಟ್ಟರೂ.

ನಮ್ಮ ದೇಶದ್ದೂ ಒಂದುಂಟು. ಅಂಡಮಾನಿನಲ್ಲಿ ಸಿಕ್ಕಿದ ಹೊಸ ಜಾತಿಗೆ 2021ರಲ್ಲಿ ಅಸಿಟಬುಲೇರಿಯಾ ಜಲಕನ್ಯಕೇ ಅಂತ ಹೆಸರಿಟ್ಟರು. ಮಕ್ಕಳಿಗೆ ಈ ಹೆಸರು ಹೇಳಿದರೆ ಸಾಕು, ಮರೆಯುವುದಿಲ್ಲ.

ಅಡ್ಕದ ಭಾವ, ಬದಿಯಡ್ಕ

ಆ ಹುಡುಗನ ಅರ್ಧ ಮಾರ್ಕು?

ಎಂಟನೇ ಕ್ಲಾಸ್ ಟೀಚರ್, ಪೆರ್ಲ

ಅವನು ಈಗ ಗಲ್ಫಿನಲ್ಲಿದ್ದಾನೆ ಭಾವ. ಮೆಸೇಜ್ ಹಾಕಿದ್ದೇನೆ, ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ.

ಕಡಲಕರೆ, ಹೊಸದುರ್ಗ

ಇವತ್ತು ಸರ್ ಹೇಳಿದ ಹಾಗೆ ಬಕೆಟ್ಟಿನಲ್ಲಿಟ್ಟು ಹದಿನಾಲ್ಕು ಕಿತ್ತೆ. ಒಂದೂ ಒಡೆಯಲಿಲ್ಲ. ಮೂರು ಸಂದಿಯ ಒಳಗೆ ಉಂಟು, ಬೆರಳು ಹೋಗುವುದಿಲ್ಲ. ಕಿತ್ತದ್ದನ್ನು ಚಂದ್ರಗಿರಿ ಹೊಳೆಗೆ ಬಿಟ್ಟುಬಿಡಲಾ? ಕೊಲ್ಲಲಿಕ್ಕೆ ಮನಸ್ಸಿಲ್ಲ.

ನೀರಿನಕ್ಕ, ಮಂಜೇಶ್ವರ

ಬೇಡ! ಹೊಳೆಗೂ ಬೇಡ, ಅಳಿವೆಗೂ ಬೇಡ, ತೋಡಿಗೂ ಬೇಡ.

ಮೆಡಿಟರೇನಿಯನ್ನಿನ ಕತೆ ಕೇಳಿ. ಕೌಲರ್ಪಾ ಟ್ಯಾಕ್ಸಿಫೋಲಿಯಾದ ಒಂದು ತಳಿ ಯುರೋಪಿನ ಅಕ್ವೇರಿಯಂಗಳಲ್ಲಿ ಅಂದಕ್ಕೆ ಸಾಕುತ್ತಿದ್ದದ್ದು. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ, ಕಡಲಿನಲ್ಲಿ, ಅದರ ಒಂದು ಸಣ್ಣ ತೇಪೆ ಕಾಣಿಸಿತು. ಯಾರೂ ಕೀಳಲಿಲ್ಲ. ದೋಣಿಗಳ ಲಂಗರಿಗೆ, ಬಲೆಗೆ ಸಿಕ್ಕಿ ತುಂಡಾದದ್ದೆಲ್ಲ ಹೊಸ ಗಿಡ. 2000ದ ಹೊತ್ತಿಗೆ ಹರಡಿದ್ದು ಸಾವಿರಾರು ಹೆಕ್ಟೇರಿಗೆ. ಅದೇ ವರ್ಷ ಕ್ಯಾಲಿಫೋರ್ನಿಯದ ಒಂದು ಹಿನ್ನೀರಿನಲ್ಲಿ ಕಾಣಿಸಿಕೊಂಡಾಗ ಅಲ್ಲಿಯವರು ಎಚ್ಚರ ವಹಿಸಿದರು. ಟಾರ್ಪಾಲು ಮುಚ್ಚಿ ಒಳಗೆ ಕ್ಲೋರಿನ್ ಬಿಟ್ಟರು. ನಿರ್ನಾಮವಾಯಿತು ಅಂತ ಘೋಷಿಸಲಿಕ್ಕೆ 2006 ಬರಬೇಕಾಯಿತು, 70 ಲಕ್ಷ ಡಾಲರಿಗಿಂತ ಹೆಚ್ಚು ಖರ್ಚು.

ವಲೋನಿಯಾ ಅಷ್ಟು ಪುಂಡ ಅಲ್ಲ. ಆದರೆ ನಿಮ್ಮ ಕಲ್ಲಿನಲ್ಲಿ ಇನ್ನೇನು ಬಂದಿದೆಯೋ ನಿಮಗೂ ಗೊತ್ತಿಲ್ಲ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಕಸಕ್ಕೆ. ಟ್ಯಾಂಕಿನ ನೀರನ್ನೂ ಹೊಳೆಗೆ ಚೆಲ್ಲಬೇಡಿ.

ಸಾಯುವುದು ನೋಡಲಿಕ್ಕೆ ಬೇಸರ ಅನ್ನಿಸಿದರೆ ಕೌಲರ್ಪಾ ತಾನಾಗಿ ಹೇಗೆ ಸಾಯುತ್ತದೆ ಕೇಳಿ. ಕೆರಿಬಿಯನ್ ಹವಳದ ದಿಬ್ಬಗಳಲ್ಲಿ ಕ್ಲಿಫ್ಟನ್ ಅನ್ನುವವರು ಗಮನಿಸಿ 1997ರಲ್ಲಿ ಪ್ರಕಟಿಸಿದರು. ರಾತ್ರಿ ಕಳೆಯುವುದರೊಳಗೆ ಅದರ ಒಳಗಿನ ದ್ರವ್ಯವೆಲ್ಲ ಲಿಂಗಾಣುಗಳಾಗಿ, ಅಂದರೆ ಗಂಡು ಹೆಣ್ಣು ಬೀಜಕಣಗಳಾಗಿ, ಮಾರ್ಪಡುತ್ತದೆ. ಎಲ್ಲ ಅಂದರೆ ಎಲ್ಲ, ತನಗೆ ಅಂತ ಏನೂ ಇಟ್ಟುಕೊಳ್ಳುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಒಂದೇ ಜಾತಿಯ ಹತ್ತಾರು ಪಾಚಿಗಳು ಒಟ್ಟಿಗೆ ಹಸಿರು ಮೋಡ ಬಿಡುತ್ತವೆ. ಉಳಿಯುವುದು ಬಿಳಿ ಪೊರೆ.

ಲೆಕ್ಕದವ, ಮೊಗ್ರಾಲ್

ಹಾಗಾದರೆ ಸಾಯುವುದಾದರೂ ಒಂದಾಗಿಯೇ ಸಾಯುತ್ತದೆ. ಅರ್ಧ ಒಪ್ಪಿದೆ. ಪೂರ್ತಿ ಒಪ್ಪಬೇಕಾದರೆ ಕಣ್ಣಾರೆ ನೋಡಬೇಕು, ಅಂಡಮಾನ್ ಮಂಡಪಂ ಅಂತ ಹೋಗಲಿಕ್ಕೆ ನನಗೆ ರಜೆ ಇಲ್ಲ.

ಹಳೆ ಲ್ಯಾಬು, ಕಾಸರಗೋಡು

ನೀವು ವಾರಕ್ಕೆ ಎರಡು ಬೊಂಡ ಕುಡಿಯುವವರಾದರೆ ಅಂಥದ್ದನ್ನು ನುಂಗಿದ್ದೀರಿ. ತಮಾಷೆ ಅಲ್ಲ. ತೆಂಗಿನ ಮಿಡಿಯಲ್ಲಿ ಗರ್ಭ ಕಟ್ಟಿದ ಮೇಲೆ ಭ್ರೂಣಾಹಾರದ (ಬೀಜದೊಳಗಿನ ಭ್ರೂಣಕ್ಕೆ ಮೀಸಲಾದ ಆಹಾರ) ಕೋಶಕೇಂದ್ರ ಒಡೆದು ಎರಡು, ನಾಲ್ಕು, ಎಂಟು ಅಂತ ಹೆಚ್ಚುತ್ತಾ ಹೋಗುತ್ತದೆ, ಆದರೆ ನಡುವೆ ಗೋಡೆ ಹಾಕುವುದಿಲ್ಲ. ಎಳೆ ಬೊಂಡದ ನೀರು ಅಂದರೆ ಬಿಡಿ ಕೋಶಕೇಂದ್ರಗಳು ತೇಲುತ್ತಿರುವ ದ್ರವ. ಸುಮಾರು ಆರನೇ ತಿಂಗಳ ಹೊತ್ತಿಗೆ ಅವು ಚಿಪ್ಪಿನ ಬದಿಗೆ ಸೇರಿ ಗೋಡೆ ಹಾಕಿಕೊಳ್ಳಲಿಕ್ಕೆ ಶುರು. ಅದೇ ಲೋಳೆಯ ಹಾಗೆ ಬರುವ ಬಾವೆ, ಆಮೇಲೆ ಬನ್ನಂಗಾಯಿ, ಆಮೇಲೆ ಕಾಯಿ. ವಲೋನಿಯಾ ಕೊನೆಯ ವರೆಗೂ ಮಾಡದ ಕೆಲಸವನ್ನು ತೆಂಗು ತಡವಾಗಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಹೋಲಿಕೆಯೂ ಉಂಟು. ವಲೋನಿಯಾದ ಒಳಗಿನ ನೀರು ಕಡಲ ನೀರಲ್ಲ. 1920ರ ದಶಕದಲ್ಲಿ ಆಸ್ಟರ್‌ಹೌಟ್ ಅದನ್ನು ಪರೀಕ್ಷಿಸಿದಾಗ ಪೊಟ್ಯಾಸಿಯಂ ಕಡಲಿಗಿಂತ ಸುಮಾರು 40 ಪಟ್ಟು ಹೆಚ್ಚು, ಸೋಡಿಯಂ ಕಡಲಿಗಿಂತ ಎಷ್ಟೋ ಕಡಿಮೆ. ಸುತ್ತ ಉಪ್ಪಿನ ಸಮುದ್ರ, ಒಳಗೆ ಅದು ತನಗೆ ಬೇಕಾದ್ದನ್ನು ಮಾತ್ರ ಹಿಡಿದಿಟ್ಟುಕೊಂಡಿದೆ. ಬೊಂಡದಲ್ಲೂ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ.

ಅಡ್ಕದ ಭಾವ, ಬದಿಯಡ್ಕ

ಅದಕ್ಕೇ, ಪೊಟ್ಯಾಸಿಯಂ ಹೊರಹಾಕಲಿಕ್ಕೆ ಕಿಡ್ನಿಗೆ ಆಗದ ಕಾರಣ, ಅಪ್ಪನಿಗೆ ಡಯಾಲಿಸಿಸ್ ಶುರುವಾದ ದಿನವೇ ಡಾಕ್ಟರು ಬೊಂಡ ಮುಟ್ಟಬೇಡಿ ಅಂದದ್ದು. ಎಪ್ಪತ್ತು ತೆಂಗಿನ ಮರ ನೆಟ್ಟವರು, ಜಗಲಿಯಲ್ಲಿ ಕೂತು ನಾವು ಕುಡಿಯುವುದನ್ನು ನೋಡ್ತಾ ಇದ್ದರು.

ಸರ್, ಆ ಕೋಶಕೇಂದ್ರ ನೋಡಬೇಕಾದರೆ ಎಂಥ ಬೊಂಡ ಬೇಕು?

ಹಳೆ ಲ್ಯಾಬು, ಕಾಸರಗೋಡು

ಬಾವೆ ಕೂಡುವ ಮೊದಲಿನದ್ದು, ಐದು ತಿಂಗಳ ಒಳಗಿನದ್ದು. ಕೊಯ್ದ ದಿನವೇ ನೋಡಬೇಕು. ಒಂದು ಹನಿ ಅಸಿಟೋಕಾರ್ಮಿನ್ ಹಾಕಿದರೆ ಕೆಂಪಗೆ ಎದ್ದು ಕಾಣುತ್ತದೆ. ಬಣ್ಣ ನನ್ನ ಹತ್ತಿರ ಉಂಟು, ಮೈಕ್ರೋಸ್ಕೋಪ್ ಟೀಚರ ಶಾಲೆಯಲ್ಲಿ ಇರಬೇಕು.

ಎಂಟನೇ ಕ್ಲಾಸ್ ಟೀಚರ್, ಪೆರ್ಲ

ಉಂಟು. ಎರಡರಲ್ಲಿ ಒಂದು ಸರಿ ಉಂಟು. ಶನಿವಾರ ಬನ್ನಿ, ಮಕ್ಕಳನ್ನೂ ನಿಲ್ಲಿಸಿಕೊಳ್ತೇನೆ.

ಕಡಲಕರೆ, ಹೊಸದುರ್ಗ

ಒಣಗಿಸದೆ ಒಂದು ಗೋಲಿ ಬಾಟ್ಲಿಯಲ್ಲಿ ಇಟ್ಟಿದ್ದೇನೆ. ಮಗಳ ಜೊತೆ ತರ್ತೇನೆ. ಸೂಜಿ ತರುವುದಿಲ್ಲ.

ಅಡ್ಕದ ಭಾವ, ಬದಿಯಡ್ಕ

ಶುಕ್ರವಾರ ಮರ ಹತ್ತುವವ ಬರ್ತಾನೆ ಅಂದಿದ್ದಾನೆ. ಬರದಿದ್ದರೆ ಶನಿವಾರ ಬೆಳಿಗ್ಗೆ ನಾನೇ ದೋಟಿ ಹಿಡೀತೇನೆ, ಗಿಡ್ಡ ತಳಿ ಒಂದು ಬಾವಿಕಟ್ಟೆ ಹತ್ತಿರ ಉಂಟು.